ಕೆಟ್ಟಿದ್ದು ಬಿಡಿಭಾಗ, ಎಸೆಯುವುದು ಇಡೀ ಯಂತ್ರ

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಆರಂಭವಾಯಿತೆಂದರೆ ಮಲೆನಾಡಿನ ಗಣಕಯಂತ್ರಗಳಿಗೆ ಕಂಟಕ ಕಾಲ. ಸಿಡಿಲಿನ ಆಘಾತ ಕೆಲವೊಮ್ಮೆ ವಿದ್ಯುತ್ ತಂತಿಯ ಮೂಲಕ, ಕೆಲವೊಮ್ಮೆ ದೂರವಾಣಿ ತಂತಿಯ ಮೂಲಕ ಮನೆಯೊಳಕ್ಕೆ ಬರುತ್ತದೆ. ಅದು ಕಳೆಯುವಷ್ಟರಲ್ಲಿ ಮಳೆಗಾಲದ ತೇವ, ಇರುವೆ, ಹಲ್ಲಿಗಳ ಸರದಿ. ಸಹಕಾರಿ ಸಂಘದ ಲೆಕ್ಕ, ಶಾಲೆಯ ಪ್ರಶ್ನೆಪತ್ರಿಕೆ, ಊರಿನ ಮುದ್ರಣಾಲಯದ ಲಗ್ನಪತ್ರಿಕೆಗಳನ್ನು ವರ್ಷಗಟ್ಟಲೆ ಹೊತ್ತ ಡೆಸ್ಕ್‌ಟಾಪ್ ಒಂದು ಬೆಳಿಗ್ಗೆ ಚಾಲೂ ಆಗುವುದೇ ಇಲ್ಲ. ಪೇಟೆಗೆ ಒಯ್ದರೆ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: 'ಹಳೇ ಮಾಡೆಲ್, ಇದಕ್ಕೆ ದುಡ್ಡು ಹಾಕುವ ಬದಲು ಹೊಸದೇ ತಗೊಳ್ಳಿ.'

ಈ ತೀರ್ಪು ಕಾಯಿಲೆಯನ್ನು ನೋಡದೆ ವಯಸ್ಸನ್ನಷ್ಟೇ ನೋಡಿ ಕೊಟ್ಟದ್ದು. ಪಂಪ್‌ಸೆಟ್ಟಿನ ಕಾಯಿಲ್ ಸುಟ್ಟರೆ ಪಂಪನ್ನೇ ಹೊಂಡಕ್ಕೆ ಎಸೆಯುವ ಕೃಷಿಕ ಯಾರೂ ಇಲ್ಲ. ಛತ್ರಿಯ ಕಡ್ಡಿ ಮುರಿದರೆ ಕಡ್ಡಿ ಹಾಕಿಸುವುದು, ಕತ್ತಿ ಮೊಂಡಾದರೆ ಕುಲುಮೆಗೆ ಕೊಡುವುದು ಮಲೆನಾಡಿನ ಮನೆಗಳ ಸಹಜ ನಡೆ. ಅದೇ ಮನೆಯಲ್ಲಿ ಗಣಕಯಂತ್ರ ಕೆಟ್ಟಾಗ ಮಾತ್ರ ಈ ವಿವೇಕ ಕೈಕೊಡುವುದು ಸೋಜಿಗದ ಸಂಗತಿ.

ಎಲ್ಲಿ ಕೆಟ್ಟಿದೆ?

ಡೆಸ್ಕ್‌ಟಾಪ್ ಒಂದೇ ಎರಕದ ವಸ್ತುವಲ್ಲ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್ ಇವೆಲ್ಲ ಬೇರೆ ಬೇರೆ ತಯಾರಾಗಿ ಒಂದು ಡಬ್ಬಿಯೊಳಗೆ ಸೇರಿದಂಥವು. ಒಂದು ಕೆಟ್ಟರೆ ಉಳಿದವೂ ಕೆಟ್ಟಿರಬೇಕೆಂದಿಲ್ಲ. ಗುಂಡಿ ಒತ್ತಿದಾಗ ಫ್ಯಾನೂ ತಿರುಗದಿದ್ದರೆ ಮೊದಲ ಸಂಶಯ ಎಸ್‌ಎಂಪಿಎಸ್ ಮೇಲೆ. ಫ್ಯಾನ್ ತಿರುಗಿ, ಪರದೆ ಕಪ್ಪಾಗಿಯೇ ಇದ್ದು, ಬೀಪ್ ಸದ್ದು ಮತ್ತೆ ಮತ್ತೆ ಕೇಳಿಸಿದರೆ ಬಹುಪಾಲು ರ‍್ಯಾಮ್‌ನ ತೊಂದರೆ. ತೇವದಿಂದ ಮಾಸಿದ ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮರಳಿ ಕೂರಿಸಿದರೆ ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿರುವ 3 ವೋಲ್ಟಿನ ಗುಂಡಿ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಹತ್ತು ನಿಮಿಷ ನಡೆದು ತಾನಾಗಿ ನಿಲ್ಲುವ ಯಂತ್ರದಲ್ಲಿ ಧೂಳು ತುಂಬಿರುತ್ತದೆ, ಇಲ್ಲವೇ ಪ್ರೊಸೆಸರ್ ಮೇಲಿನ ಶಾಖವಾಹಕ ಲೇಪ ಒಣಗಿರುತ್ತದೆ. ಆಮೆಯಂತೆ ತೆವಳುವ ಯಂತ್ರಕ್ಕೆ ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಹೊಸ ಜೀವ ಬರುತ್ತದೆ.

ಕಷ್ಟವಾಗುವುದು ಮದರ್‌ಬೋರ್ಡ್ ಹೋದಾಗ. ಅಲ್ಲಿಯೂ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಬೆಸುಗೆ ಬಲ್ಲವರು ಅವನ್ನು ಬದಲಿಸಬಲ್ಲರು. ಬೋರ್ಡು ಪೂರ್ತಿ ಸುಟ್ಟಿದ್ದರೂ ಹಾರ್ಡ್ ಡಿಸ್ಕ್ ಉಳಿದಿರುವ ಸಾಧ್ಯತೆ ಇದ್ದು, ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡಬಹುದು. ಹೀಗಿರುವಾಗ 'ದುರಸ್ತಿಯೋ, ಬದಲಿಯೋ' ಎಂಬ ಪ್ರಶ್ನೆಯನ್ನು ಇಡೀ ಯಂತ್ರಕ್ಕೆ ಹಾಕುವುದೇ ತಪ್ಪು. ಅದನ್ನು ಪ್ರತಿಯೊಂದು ಬಿಡಿಭಾಗಕ್ಕೂ ಪ್ರತ್ಯೇಕವಾಗಿ ಕೇಳಬೇಕು.

ಬಿಲ್ಲಿನಲ್ಲಿ ಕಾಣದ ಬೆಲೆ

ಹೊಸ ಯಂತ್ರದ ನಿಜವಾದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಇರುವುದಿಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 17 ಅಂಗುಲದ ಹಳೆಯ ಮಾದರಿಯ ಪರದೆಯೊಂದಿಗೆ ಒಂದು ಡೆಸ್ಕ್‌ಟಾಪ್ ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ವ್ಯಯವಾಗುತ್ತಿತ್ತು. ಇಂದಿನ ಯಂತ್ರಗಳ ಲೆಕ್ಕ ಬೇರೆಯಾದರೂ, ಯಂತ್ರ ಮೇಜಿನ ಮೇಲೆ ಬರುವ ಮೊದಲೇ ಅದರ ಪರಿಸರ ಋಣ ಬೆಳೆದಿರುತ್ತದೆ ಎಂಬ ತಥ್ಯ ಬದಲಾಗಿಲ್ಲ.

ಆ ಋಣ ಎಲ್ಲೋ ಒಂದು ನೆಲದ ಮೇಲೆ ಬೀಳುತ್ತದೆ. ಬೆಸುಗೆಯ ತವರಕ್ಕಾಗಿ ಇಂಡೋನೇಷ್ಯಾದ ಬಾಂಗ್ಕಾ ದ್ವೀಪದ ನೆಲವನ್ನೂ ಕಡಲತಳವನ್ನೂ ಬಗೆಯಲಾಗಿದೆ. ಕೆಪಾಸಿಟರ್‌ಗಳಿಗೆ ಬೇಕಾದ ಟ್ಯಾಂಟಲಮ್‌ನ ಅದಿರಿಗಾಗಿ ಪೂರ್ವ ಕಾಂಗೋದ ಬೆಟ್ಟಗಳು ಬರಿದಾಗಿವೆ. ಸಹ್ಯಾದ್ರಿಯ ಜನರಿಗೆ ಈ ಚಿತ್ರ ಅಪರಿಚಿತವಲ್ಲ. ಭದ್ರೆಗೆ ಹೂಳು ಹರಿಸಿದ ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತದ್ದು ದೀರ್ಘ ಹೋರಾಟ ಮತ್ತು ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲ. ತನ್ನ ಬೆಟ್ಟವನ್ನು ಗಣಿಯಿಂದ ಉಳಿಸಿಕೊಂಡ ನಾಡು, ತನಗೆ ಅಗತ್ಯವಿಲ್ಲದ ಹೊಸ ಯಂತ್ರಕ್ಕಾಗಿ ಇನ್ನೊಬ್ಬರ ಬೆಟ್ಟವನ್ನು ಗಣಿಗೆ ಒಪ್ಪಿಸುವುದು ನ್ಯಾಯವೇ?

ಎಸೆದ ಯಂತ್ರದ ಗತಿಯೂ ಇಷ್ಟೇ. 2024ರ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್‌ಗಳಲ್ಲಿ ತಾಮ್ರಕ್ಕಾಗಿ ತಂತಿ ಸುಡುವ, ಬೋರ್ಡನ್ನು ಆಮ್ಲದಲ್ಲಿ ಅದ್ದುವ ಕೆಲಸ ಬಡವರ ಶ್ವಾಸಕೋಶದ ಮೇಲೆ ನಡೆದಿದೆ. ಹಳೆಯ ಟಿವಿಯಂಥ ಮಾನಿಟರಿನ ಗಾಜಿನಲ್ಲಿ ಕಿಲೋ ಲೆಕ್ಕದ ಸೀಸ ಇರುತ್ತದೆ. ಅದು ಮನೆಯ ಹಿಂದಿನ ಗುಂಡಿಯಲ್ಲಿ ಒಡೆದು ಬಿದ್ದರೆ ಮಳೆನೀರು ಅದನ್ನು ತೊಳೆಯುತ್ತಾ ಹಳ್ಳದತ್ತ ಸಾಗುತ್ತದೆ.

ಗಟ್ಟಿಯಿದ್ದರೂ 'ಹಳತು'

ಈಚೆಗೆ ಯಂತ್ರ ಕೆಡದಿದ್ದರೂ ಅದನ್ನು ಹಳತಾಗಿಸುವ ಇನ್ನೊಂದು ದಾರಿ ತೆರೆದುಕೊಂಡಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆಯನ್ನು ಬಯಸುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹುತೇಕ 2017ರಿಂದೀಚಿನ ಎಂಟನೇ ಪೀಳಿಗೆಯ ನಂತರದವನ್ನಷ್ಟೇ ಒಪ್ಪುತ್ತದೆ. ಅದಕ್ಕಿಂತ ಹಿಂದಿನ ಯಂತ್ರ ಎಷ್ಟೇ ಗಟ್ಟಿಯಿದ್ದರೂ ಪಂಕ್ತಿಯಿಂದ ಹೊರಗೆ. ಆದರೆ ಅಂಥ ಯಂತ್ರಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಪತ್ರ ಬರೆಯುವುದು, ಲೆಕ್ಕ ಇಡುವುದು, ಅಂತರಜಾಲ ನೋಡುವುದು ಎಲ್ಲವೂ ಸಾಗುತ್ತದೆ. ಯುನಿಕೋಡ್ ಕನ್ನಡಕ್ಕೂ ಅಲ್ಲಿ ಅಡ್ಡಿಯಿಲ್ಲ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರ ಅಗತ್ಯ. ಹಳೆಯ ನುಡಿ, ಬರಹ, ಶ್ರೀಲಿಪಿಗಳ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ, 2001ರ ಪೇಜ್‌ಮೇಕರ್ 7ರಲ್ಲಿ ಜೋಡಿಸಿದ ಊರಿನ ಸ್ಮರಣ ಸಂಚಿಕೆ, ಸಂಘದ ಠರಾವು, ಜಾನಪದ ಸಂಗ್ರಹಗಳು ಎಷ್ಟೋ ಕಡೆ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾತ್ರ ಸರಿಯಾಗಿ ತೆರೆದುಕೊಳ್ಳುತ್ತವೆ. ಯಂತ್ರ ಗುಜರಿಗೆ ಹೋದ ದಿನ ಒಂದು ಊರಿನ ನೆನಪೂ ಗುಜರಿಗೆ ಹೋಗುತ್ತದೆ. ಬದಲಿಸಲೇಬೇಕಿದ್ದರೂ ಈ ಬರಹಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಎರಡು ಕಡೆ ಪ್ರತಿ ಇರಿಸಿದ ಮೇಲೆಯೇ ಹಳತನ್ನು ಬೀಳ್ಕೊಡಬೇಕು.

ಎಲ್ಲಿ ಬದಲಿಯೇ ಸರಿ

ದುರಸ್ತಿಯನ್ನು ವ್ರತದಂತೆ ಆಚರಿಸುವುದೂ ಸಲ್ಲದು. ಹೊಸ ಯಂತ್ರ ಕಡಿಮೆ ವಿದ್ಯುತ್ ಬಳಸುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಳೆಯ ಪೆಂಟಿಯಂ 4 ಯಂತ್ರ, ಟಿವಿಯಂಥ ಮಾನಿಟರ್ ಸೇರಿ 150 ವಾಟ್ ಎಳೆಯುತ್ತವೆ, ಇಂದಿನ ಚಿಕ್ಕ ಯಂತ್ರ ಎಲ್‌ಇಡಿ ಪರದೆಯೊಂದಿಗೆ 50 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ಉಳಿತಾಯ 180 ಯೂನಿಟ್. ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದರೆ 126 ಕಿಲೋ. ಹಿಂದೆ ಹೇಳಿದ 240 ಕಿಲೋ ಇಂಧನದ ಋಣ ಎರಡೇ ವರ್ಷದಲ್ಲಿ ತೀರುತ್ತದೆ. ಅದೇ ಯಂತ್ರವನ್ನು ದಿನಕ್ಕೆ ಒಂದೇ ಗಂಟೆ ಬಳಸುವ ಮನೆಯಲ್ಲಿ ಉಳಿಯುವುದು 21 ಕಿಲೋ. ಋಣ ತೀರಲು ಹನ್ನೊಂದು ವರ್ಷ ಬೇಕು.

ಒರಟು ಲೆಕ್ಕವೇ ಆದರೂ ಇದು ದಾರಿ ತೋರಿಸುತ್ತದೆ. ದಿನವಿಡೀ ನಡೆಯುವ ಮುದ್ರಣಾಲಯದ ಯಂತ್ರ ತೀರಾ ಹಳತಾಗಿದ್ದರೆ ಬದಲಿಸುವುದು ಲೇಸು. ಸಂಜೆಗೊಮ್ಮೆ ತೆರೆಯುವ ಮನೆಯ ಯಂತ್ರವನ್ನು ದುರಸ್ತಿ ಮಾಡಿಸುವುದು ಲೇಸು. ಎಷ್ಟೋ ಕಡೆ ಹಳೆಯ ಮಾನಿಟರ್ ಒಂದನ್ನೇ ಬದಲಿಸಿದರೂ ವಿದ್ಯುತ್ತಿನ ಗಣನೀಯ ಭಾಗ ಉಳಿಯುತ್ತದೆ.

ರಿಪೇರಿಯ ಕೈ ಉಳಿಯಲಿ

ದುರಸ್ತಿ ಸಾಧ್ಯವಾಗಬೇಕಾದರೆ ದುರಸ್ತಿ ಮಾಡುವವರು ಹತ್ತಿರದಲ್ಲಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಬಿಡಿಭಾಗ ಸಿಕ್ಕೀತು, ಆದರೆ ಬೆಸುಗೆ ಹಿಡಿಯುವ ಕೈ ತಾಲ್ಲೂಕು ಪೇಟೆಯಲ್ಲೇ ಇರಬೇಕಲ್ಲವೇ? ಬಿಡಿಭಾಗಕ್ಕೆ ಗಿರಾಕಿಯಿಲ್ಲದೆ ಆ ಅಂಗಡಿ ಮುಚ್ಚಿದ ದಿನ ಸುತ್ತಲಿನ ಹಳ್ಳಿಗಳೆಲ್ಲ ಬರೀ ಕೊಳ್ಳುವವರ ಹಳ್ಳಿಗಳಾಗುತ್ತವೆ. ಕೇಂದ್ರ ಸರ್ಕಾರ 2022ರಲ್ಲಿ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಅಂತರಜಾಲ ತಾಣವನ್ನೂ ತೆರೆಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಇವು ಸ್ವಾಗತಾರ್ಹ. ಆದರೆ ಕಾಗದದ ಹಕ್ಕಿಗೆ ಬೆಲೆ ಬರುವುದು ಜನ ಅದನ್ನು ಬಳಸಿದಾಗ.

ಆದ್ದರಿಂದ ಮುಂದಿನ ಸಲ ಯಂತ್ರ ಕೆಟ್ಟಾಗ ಪ್ರತಿಯೊಬ್ಬರೂ ಅಂಗಡಿಯವರನ್ನು ಕೇಳಬೇಕಾದ ಮೊದಲ ಮಾತು: 'ಕೆಟ್ಟಿರುವ ಭಾಗ ಯಾವುದು? ತೋರಿಸಿ.' ಬೋರ್ಡು ಹೋಗಿದೆ ಎಂದರೆ ಇನ್ನೊಬ್ಬರಿಗೂ ತೋರಿಸಬೇಕು. ಬೇಡವಾದ ಯಂತ್ರದಿಂದ ರ‍್ಯಾಮ್, ಎಸ್‌ಎಂಪಿಎಸ್‌ಗಳನ್ನು ತೆಗೆದು ಊರಿನ ಶಾಲೆಗೋ ಸಂಘಕ್ಕೋ ಕೊಡಬಹುದು. ಉಳಿದದ್ದು ಅಧಿಕೃತ ಸಂಗ್ರಾಹಕರಿಗೆ ಸೇರಬೇಕು. ಗುಡುಗಿನ ದಿನಗಳಲ್ಲಿ ವಿದ್ಯುತ್ ಪ್ಲಗ್ಗಿನ ಜೊತೆ ದೂರವಾಣಿ ತಂತಿಯನ್ನೂ ಕಿತ್ತಿಡುವುದು, ಅರ್ತಿಂಗ್ ಸರಿಪಡಿಸಿಕೊಳ್ಳುವುದು ಎಲ್ಲ ದುರಸ್ತಿಗಳಿಗಿಂತ ಅಗ್ಗದ ದುರಸ್ತಿ. ಒಂದು ಯಂತ್ರದ ಆಯುಸ್ಸು ಮೂರು ವರ್ಷ ಹೆಚ್ಚಿದರೆ ಯಾವುದೋ ಬೆಟ್ಟಕ್ಕೆ, ಯಾವುದೋ ಹಳ್ಳಕ್ಕೆ ಅಷ್ಟು ಬಿಡುವು ಸಿಕ್ಕಂತೆ.