ಒಂದು ಮೆಟ್ಟಿಲಿನ ದೂರು

ಕಳೆದ ನವೆಂಬರಿನಲ್ಲಿ ಹಿರಿಯ ಮಿತ್ರರೊಬ್ಬರನ್ನು ಪಿಂಚಣಿಯ ಹಯಾತ್ ಪ್ರಮಾಣಪತ್ರಕ್ಕಾಗಿ ಒಂದು ಕಚೇರಿಗೆ ಕರೆದೊಯ್ದಿದ್ದೆ. ಮುಂಬಯಿಯ ರಾತ್ರಿಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು ಅವರು. ಪಾರ್ಶ್ವವಾಯುವಾದ ಮೇಲೆ ಗಾಲಿಕುರ್ಚಿ ಹಿಡಿದಿದ್ದಾರೆ. ಕಚೇರಿಯ ಮುಂದೆ ನಾಲ್ಕು ಮೆಟ್ಟಿಲು, ಪಕ್ಕದಲ್ಲೊಂದು ಸಿಮೆಂಟಿನ ಇಳಿಜಾರು. ಎರಡಡಿ ಎತ್ತರವನ್ನು ಎಂಟಡಿ ಉದ್ದದಲ್ಲಿ ಏರಬೇಕು. ನಾನೂ ಕಾವಲುಗಾರನೂ ಸೇರಿ ಎರಡು ಸಲ ತಳ್ಳಿದೆವು. ಎರಡು ಸಲವೂ ಕುರ್ಚಿ ಹಿಂದಕ್ಕೆ ಜಾರಿತು. ಕೊನೆಗೆ ಒಳಗಿದ್ದ ಗುಮಾಸ್ತೆ ಹೆಬ್ಬೆರಳಿನ ಗುರುತು ತೆಗೆಯುವ ಯಂತ್ರವನ್ನು ಹಿಡಿದುಕೊಂಡು ತಾವೇ ಕೆಳಗಿಳಿದು ಬಂದರು. ಮಾಸ್ತರರು ಬದುಕಿದ್ದಾರೆಂಬುದು ಪಾದಚಾರಿ ಹಾದಿಯ ಮೇಲೆಯೇ ಸಾಬೀತಾಯಿತು. ಆಕೆಗೆ ಕೈಮುಗಿದು ಮನೆಗೆ ಬಂದೆವು.

ಆ ಹೆಣ್ಣುಮಗಳ ಸೌಜನ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮನೆಗೆ ಬಂದ ಮೇಲೆ ಹೊಳೆದದ್ದು ಇಷ್ಟು: ಆ ದಿನದ ಯಾವ ಕಡತದಲ್ಲೂ ಆ ಇಳಿಜಾರಿನ ಸುದ್ದಿ ಇಲ್ಲ. ಕೆಲಸವಾಯಿತು, ಆದ್ದರಿಂದ ಅಡ್ಡಿಯೇ ಇರಲಿಲ್ಲ ಎಂಬಂತಾಯಿತು. ಉಪಕಾರವು ದೂರನ್ನು ನುಂಗಿಬಿಟ್ಟಿತು. ಮುಂದಿನ ವರ್ಷ ಆಕೆಗೆ ವರ್ಗವಾದರೆ ಮಾಸ್ತರರು ಮತ್ತೆ ಅದೇ ಎಂಟಡಿಯ ಕೆಳಗೆ ನಿಲ್ಲಬೇಕು.

ಇಳಿಜಾರಿಗೊಂದು ಲೆಕ್ಕವಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂಬುದು ಎಲ್ಲೆಡೆ ಒಪ್ಪಿತವಾದ, ನಮ್ಮ ಸರಕಾರದ ಮಾರ್ಗಸೂಚಿಯಲ್ಲೂ ಇರುವ ಪ್ರಮಾಣ. ಎರಡಡಿಗೆ ಇಪ್ಪತ್ತನಾಲ್ಕು ಅಡಿ ಬೇಕು. ಮುಂದೆ ಅಷ್ಟು ಜಾಗವಿಲ್ಲದಿದ್ದರೆ ನಡುವೆ ಸಮತಟ್ಟಾದ ತಿರುವನ್ನಿಟ್ಟು ಮಡಿಚಬೇಕು. ಎಂಟಡಿಯಲ್ಲಿ ಮುಗಿಸಿದ್ದು ಸಾಮಾನು ಸಾಗಿಸುವ ಕೈಗಾಡಿಗಾದರೂ ಒದಗೀತು, ಮನುಷ್ಯನಿಗಲ್ಲ. ಅದನ್ನು ಕಟ್ಟಿದವರು ತಪಾಸಣೆಯ ಪಟ್ಟಿಯಲ್ಲಿ ‘ಇಳಿಜಾರು ಇದೆ’ ಎಂದು ಗುರುತು ಹಾಕಿರುತ್ತಾರೆ. ಇಲ್ಲದ ಇಳಿಜಾರಿಗಿಂತ ತಪ್ಪಾದ ಇಳಿಜಾರು ಹೆಚ್ಚು ಅಪಾಯಕಾರಿ ಎಂದು ನನಗನ್ನಿಸುವುದು ಇದಕ್ಕಾಗಿ.

ಕಾನೂನಿಗೇನೂ ಬರವಿಲ್ಲ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಪ್ರವೇಶಯೋಗ್ಯವಾಗಬೇಕು ಎಂದಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಅಂದರೆ ಗಡುವು 2022ಕ್ಕೇ ತೀರಿತು. ಇದರಲ್ಲೊಂದು ಬಿರುಕೂ ಇತ್ತು. ನಿಯಮಗಳು ಹೇಳಿದ ಮಾನದಂಡಗಳಲ್ಲಿ ಹೆಚ್ಚಿನವು ಕಡ್ಡಾಯವೋ ಬರಿಯ ಸಲಹೆಯೋ ಎಂಬುದು ಅಸ್ಪಷ್ಟವಾಗಿತ್ತು. ದೃಷ್ಟಿದೋಷವುಳ್ಳ ರಾಜೀವ್ ರಾತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮ ಮೂಲ ಕಾನೂನಿಗೇ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಒಂದು ಅರ್ಜಿಗೆ ಹತ್ತೊಂಬತ್ತು ವರ್ಷ.

‘ಹಾಗಾದರೆ ದೂರು ಕೊಟ್ಟು ಏನುಪಯೋಗ?’ ಎಂದು ಕೇಳುವವರಿದ್ದಾರೆ. 2023ರಲ್ಲಿ ಗಾಲಿಕುರ್ಚಿ ಬಳಸುವ ಮುಂಬಯಿಯ ಯುವಕರೊಬ್ಬರು ಬೊಂಬಾಯಿ ಉಚ್ಚ ನ್ಯಾಯಾಲಯಕ್ಕೆ ಒಂದು ಇ-ಮೇಲ್ ಬರೆದರು. ಪಾದಚಾರಿ ಹಾದಿಗೆ ಬೈಕುಗಳು ಏರದಂತೆ ನೆಟ್ಟ ಗಿಡ್ಡ ಕಂಬಗಳ ನಡುವೆ ತಮ್ಮ ಕುರ್ಚಿ ನುಸುಳದು ಎಂಬುದಷ್ಟೇ ಅದರ ಸಾರ. ನ್ಯಾಯಾಲಯ ಅದನ್ನೇ ಸ್ವಯಂಪ್ರೇರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಎತ್ತಿಕೊಂಡು ಮಹಾನಗರಪಾಲಿಕೆಯನ್ನು ಪ್ರಶ್ನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಖಾರ್‌ನ ವಿವಾಹ ನೋಂದಣಿ ಕಚೇರಿಗೆ ತಮ್ಮನ್ನು ಎತ್ತಿಕೊಂಡು ಹೋಗಬೇಕಾಯಿತೆಂದು ವಧುವೊಬ್ಬರು ಬರೆದದ್ದು ದೊಡ್ಡ ಸುದ್ದಿಯಾಗಿ, ಉಪಮುಖ್ಯಮಂತ್ರಿಗಳೇ ಕ್ಷಮೆ ಕೇಳಿದರು. ಇಬ್ಬರೂ ಮಾಡಿದ್ದು ಒಂದೇ ಕೆಲಸ. ನಾವು ಅಂದು ಮಾಡದೆ ಉಳಿದದ್ದೂ ಅದೇ.

ಇನ್ನು ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ತೊಡಕು ಬೇರೆಯೇ. ಇಲ್ಲಿ ನೂರು ಹೆಜ್ಜೆ ನಡೆದರೆ ಮೂವರು ಯಜಮಾನರು ಬದಲಾಗುತ್ತಾರೆ. ಪ್ಲಾಟ್‌ಫಾರ್ಮ್ ಮತ್ತು ರೈಲ್ವೆ ಸೇತುವೆ ರೈಲ್ವೆಯದು. ಅದಕ್ಕೆ ಹೊಂದಿಕೊಂಡ ಸ್ಕೈವಾಕ್ ಕಟ್ಟಿಸಿದ್ದು ಎಂಎಂಆರ್‌ಡಿಎ, ನೋಡಿಕೊಳ್ಳಬೇಕಾದದ್ದು ನಗರಪಾಲಿಕೆ. ನವಿ ಮುಂಬಯಿಯಲ್ಲಾದರೆ ರೈಲು ನಿಲ್ದಾಣದ ಕಟ್ಟಡಗಳನ್ನು ಎಬ್ಬಿಸಿದ್ದೇ ಸಿಡ್ಕೊ. ಗಾಲಿಕುರ್ಚಿಯ ಮನುಷ್ಯನಿಗೆ ಇದೆಲ್ಲ ಒಂದೇ ದಾರಿ, ಕಚೇರಿಗಳಿಗೆ ಮೂರು ಕಡತ. ಸೇತುವೆಗೆ ಲಿಫ್ಟ್ ಬಂತೆಂದು ಸಂತೋಷಪಟ್ಟು ಕೆಳಗಿಳಿದರೆ, ಅದರ ಬಾಗಿಲೆದುರು ರಿಕ್ಷಾಗಳ ಸಾಲು. ಅದು ನಮ್ಮ ವ್ಯಾಪ್ತಿಯಲ್ಲ ಎಂದು ಮೂವರೂ ಹೇಳಬಹುದು, ಮೂವರೂ ಸತ್ಯವನ್ನೇ ಹೇಳುತ್ತಿರಬಹುದು. ಆದ್ದರಿಂದ ದೂರನ್ನು ಒಂದೇ ಕಡೆಗೆ ಕಳಿಸಿ ಕೂತರೆ ಪ್ರಯೋಜನವಿಲ್ಲ. ರೈಲ್ವೆಗೆ 139, ರಾಜ್ಯದ ಕಚೇರಿಗಳಿಗೆ ‘ಆಪ್ಲೆ ಸರ್ಕಾರ್’, ಕೇಂದ್ರದ್ದೇ ಆದ ಸುಗಮ್ಯ ಭಾರತ ಆ್ಯಪ್, ಎಲ್ಲಿಯೂ ಆಗದಿದ್ದರೆ ಪುಣೆಯಲ್ಲಿರುವ ರಾಜ್ಯದ ದಿವ್ಯಾಂಗ ಆಯುಕ್ತರು. ಆ ಆ್ಯಪನ್ನು 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಸಚಿವ ಥಾವರಚಂದ್ ಗೆಹ್ಲೋಟ್ ಅದೇ ಜುಲೈಯಲ್ಲಿ ಕರ್ನಾಟಕದ ರಾಜ್ಯಪಾಲರಾದರೆಂಬುದು ನಮಗೆ ಸಂಬಂಧಿಸಿದ ಒಂದು ಕಾಕತಾಳೀಯ.

ಬರೆಯುವ ಬಗೆಯೂ ಮುಖ್ಯ. ‘ವೃದ್ಧರಿಗೆ, ಅಂಗವಿಕಲರಿಗೆ ಬಹಳ ತೊಂದರೆಯಾಗುತ್ತಿದೆ’ ಎಂದು ಬರೆದರೆ ಅದು ಪ್ರಬಂಧ, ದೂರಲ್ಲ. ಯಾವ ಬಾಗಿಲು, ಎಷ್ಟು ಎತ್ತರ, ಎಷ್ಟು ಉದ್ದ, ಯಾವ ದಿನ, ಯಾವ ಕೆಲಸ ನಿಂತಿತು ಎಂಬುದು ಬೇಕು. ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ತೆಗೆದ ಒಂದು ಚಿತ್ರ ಸಾವಿರ ವಿಶೇಷಣಗಳ ಕೆಲಸ ಮಾಡುತ್ತದೆ. ನಮ್ಮ ದೂರಿಗೆ (ಹೌದು, ಹದಿನೈದು ದಿನ ತಡವಾಗಿಯಾದರೂ ಬರೆದೆವು) ಮೊದಲು ಬಂದ ಉತ್ತರ ‘ಸಂಬಂಧಿತ ವಿಭಾಗಕ್ಕೆ ವರ್ಗಾಯಿಸಿ ಇತ್ಯರ್ಥಗೊಳಿಸಲಾಗಿದೆ’ ಎಂಬುದು. ವರ್ಗಾವಣೆಯೂ ಇತ್ಯರ್ಥವೂ ಒಂದೇ ವಾಕ್ಯದಲ್ಲಿ ಹೇಗೆ ನಿಂತವೆಂದು ವ್ಯಾಕರಣ ಕಲಿಸಿದ ಮಾಸ್ತರರು ನಕ್ಕರು. ಮತ್ತೆ ಬರೆದಿದ್ದೇವೆ.

ಮೊದಲ ಸಲ ತಡವಾದದ್ದೇಕೆ? ಕಾರಣವನ್ನು ಮುಚ್ಚಿಡಲಾರೆ. ನಾವು ಹೊರನಾಡಿನವರು, ಹೊಟ್ಟೆಪಾಡಿಗೆ ಬಂದವರು, ಈ ಊರು ನಮ್ಮನ್ನು ಸಾಕಿದೆ, ಅದರ ಮೇಲೆ ದೂರುವುದು ಹೇಗೆ ಎಂಬ ಅಳುಕು ಮೂರನೆಯ ತಲೆಮಾರಿನಲ್ಲೂ ನಮ್ಮನ್ನು ಬಿಟ್ಟಿಲ್ಲ. ಮರಾಠಿಯಲ್ಲಿ ನಾಲ್ಕು ಸಾಲು ಬರೆಯಲು ನಮಗೆ ಬರುವುದಿಲ್ಲವೆಂದಲ್ಲ, ಮಕ್ಕಳಿಗಂತೂ ಚೆನ್ನಾಗಿಯೇ ಬರುತ್ತದೆ. ತೆರಿಗೆ ಕಟ್ಟುವಾಗ ಈ ಊರು ನಮ್ಮದು, ಕೇಳುವಾಗ ಮಾತ್ರ ಪರಸ್ಥಳ. ಇದು ವಿನಯವೆಂದು ಬಹುಕಾಲ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಜೊತೆಗೆ, ಹೆಸರಿನ ವಿಚಾರದಲ್ಲಿ ನಮಗಿರುವ ಉತ್ಸಾಹ: ಅಂಗವಿಕಲರೆನ್ನಬೇಕೆ, ವಿಶೇಷಚೇತನರೆನ್ನಬೇಕೆ, ದಿವ್ಯಾಂಗರೆನ್ನಬೇಕೆ ಎಂದು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಚರ್ಚೆ ನಡೆಯುವುದು ಮೊದಲ ಮಹಡಿಯಲ್ಲಿ, ಲಿಫ್ಟಿಲ್ಲದ ಸಭಾಗೃಹದಲ್ಲಿ.

ಈ ಕೊನೆಯ ಮಾತು ನಮ್ಮನ್ನೇ ಕುರಿತದ್ದು. ನಮ್ಮವರು ನಡೆಸುವ ಎಷ್ಟೋ ಹೋಟೆಲುಗಳ ಮುಂದೆ ಮೂರು ಮೆಟ್ಟಿಲುಗಳಿವೆ. ಅದಕ್ಕೆ ಕಾರಣವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡವರು ಗಲ್ಲೆಯನ್ನೂ ಅಕ್ಕಿಮೂಟೆಯನ್ನೂ ಎತ್ತರದಲ್ಲಿಡದೆ ಇರಲಾರರು. ಅಂಗಡಿಯ ನೆಲ ಎತ್ತರಿಸಿದ್ದು ತಪ್ಪಲ್ಲ. ಎತ್ತರಿಸಿದ ಮೇಲೆ ಒಂದು ಮಡಿಚುವ ಹಲಗೆಯನ್ನಾದರೂ ಇಡದಿರುವುದು ತಪ್ಪು. ಕಾನೂನು ಖಾಸಗಿ ಸೇವೆ ಒದಗಿಸುವವರನ್ನೂ ಬಿಟ್ಟಿಲ್ಲ ಎಂಬುದು ಬೇರೆ ಮಾತು.

ಸಂಘಗಳ ವಾರ್ಷಿಕೋತ್ಸವಗಳ ಕಾಲವಿದು. ಮಾಸ್ತರರಿಗೂ ಒಂದು ಆಮಂತ್ರಣ ಬಂದಿತ್ತು, ಸನ್ಮಾನಿತರ ಪಟ್ಟಿಯಲ್ಲಿ ಹೆಸರಿತ್ತು. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಮೆಟ್ಟಿಲು?” ಆ ಕಡೆಯವರು ಎಣಿಸಿರಲಿಲ್ಲ. “ನೀವು ಬನ್ನಿ ಸಾರ್, ನಮ್ಮ ಹುಡುಗರು ಎತ್ತಿಕೊಳ್ಳುತ್ತಾರೆ” ಎಂದರು. ಮಾಸ್ತರರು ಹೋಗಲಿಲ್ಲ. ಮುಂದಿನ ಬಾರಿಯಿಂದ ಆಮಂತ್ರಣ ಪತ್ರಿಕೆಯಲ್ಲಿ ಸ್ಥಳ, ಸಮಯಗಳ ಕೆಳಗೆ ಇನ್ನೊಂದು ಸಾಲು ಅಚ್ಚಾಗಲಿ: ಎಷ್ಟನೆಯ ಮಹಡಿ, ಲಿಫ್ಟ್ ಇದೆಯೆ, ಶೌಚಾಲಯದ ಬಾಗಿಲು ಎಷ್ಟು ಅಗಲ. ಅದನ್ನು ಬರೆಯಬೇಕಾದರೆ ಯಾರಾದರೊಬ್ಬರು ಹೋಗಿ ಅಳೆಯಬೇಕಾಗುತ್ತದೆ.