ಚೆನ್ನೆಮಣೆ ಯಾರದು?
ತುಳುವರ ಆಟಿ ತಿಂಗಳು ಬಂತೆಂದರೆ ಕಾಪು, ಕಾರ್ಕಳದ ಕಡೆ ‘ಆಟಿಡೊಂಜಿ ದಿನ’ ಕಾರ್ಯಕ್ರಮಗಳು ಸಾಲುಗಟ್ಟುತ್ತವೆ, ಈ ವಾರ ಅಂಥದೊಂದು ವೇದಿಕೆಯಲ್ಲಿ ಚೆನ್ನೆಮಣೆಯಾಟ ಅಪ್ಪಟ ತುಳುನಾಡಿನ ಸೃಷ್ಟಿ ಎಂಬ ಮಾತು ಕೇಳಿದೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಮಣೆಗೆ 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಘಾನಾದ ಓವಾರೆಗೆ 12 ಗುಳಿ, ಅಲ್ಲಿಯೂ ತಲಾ 4. ತಮಿಳರ ಪಲ್ಲಾಂಗುಳಿ, ಮಲೇಷ್ಯಾದ ಚೊಂಗ್ಕಾಕ್, ಪೂರ್ವ ಆಫ್ರಿಕಾದ ನಾಲ್ಕು ಸಾಲಿನ ಬಾವೊ ಎಲ್ಲ ಇದೇ ಬಳಗ. ಮೂಲ ಯಾವುದೆಂದು ವಿದ್ವಾಂಸರಲ್ಲೇ ಒಮ್ಮತವಿಲ್ಲ. ನೆಲಕ್ಕೆ ಗುಳಿ ತೋಡಿ, ಕೈಗೆ ಸಿಕ್ಕ ಬೀಜದಲ್ಲೇ ಆಡಬಹುದಾದ ಆಟ ಗುರುತು ಉಳಿಸುವುದಾದರೂ ಹೇಗೆ? ನಮ್ಮದೆನ್ನಲು ಬೇರೆಯದೇ ಆಧಾರವಿದೆ. ತುಳುವಿನ ಮೌಖಿಕ ಕಾವ್ಯವಾದ ಸಿರಿ ಪಾಡ್ದನದಲ್ಲಿ ಸಿರಿಯ ಮಗಳು ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗ ಚೆನ್ನೆಯಾಡಲು ಕೂತು ಜಗಳಕ್ಕೆ ಬೀಳುತ್ತಾರೆ. ಮಣೆಯೆತ್ತಿ ಹೊಡೆದ ಏಟಿಗೆ ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಅಜ್ಜಿಯಂದಿರು ಗದರುತ್ತಿದ್ದದ್ದು ಇದಕ್ಕೇ. ಹಿರಿಯಡ್ಕದ ಸಿರಿ ಜಾತ್ರೆಯಲ್ಲಿ ಇಂದಿಗೂ ಹೆಂಗಸರ ಮೈಮೇಲೆ ಆ ಅಕ್ಕತಂಗಿಯರು ಬರುತ್ತಾರೆ. ಬಾವೊಗೆ, ಓವಾರೆಗೆ ಈ ಕಥೆಯಿಲ್ಲ. ಮುಂದಿನ ಆಟಿಗೆ ಮಣೆಯನ್ನು ಮೇಜಿನ ಮೇಲೆ ಬರೀ ಪ್ರದರ್ಶನಕ್ಕಿಡದೆ, ಪಾಡ್ದನ ಬಲ್ಲ ಹಿರಿಯ ಹೆಂಗಸೊಬ್ಬರನ್ನು ಕರೆಸಿ, ಮಕ್ಕಳ ಕೈಗೆ ಮಂಜೊಟ್ಟಿ ಕೊಡಿ.