ಯಾರು ಯಾವ ಮೇಳಕ್ಕೆ?

ಮಳೆ ಹಿಡಿದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದೊಡನೆ ಭಟ್ಕಳ, ಹೊನ್ನಾವರ, ಕುಮಟೆಗಳ ಚಹಾದಂಗಡಿಗಳಲ್ಲಿ ಬೇರೊಂದು ಆಟ ತೊಡಗುತ್ತದೆ. ಬರುವ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳಕ್ಕೆ? ಕಾಲ್ಚೆಂಡಿನ ಆಟಗಾರರು ತಂಡ ಬಿಡುವ ಗಾಳಿಸುದ್ದಿಗೆ ಯುರೋಪು ಕಿವಿಗೊಡುವಂತೆ ಈ ಕರಾವಳಿಯೂ ಕಿವಿಗೊಡುತ್ತದೆ.

“ಚಿಟ್ಟಾಣಿಯವರ ಕುಣಿತಕ್ಕೆ ಸರಿಸಾಟಿ ಯಾರು ಮಾರಾಯ?” ಎಂದು ಒಬ್ಬ. “ಶಂಭು ಹೆಗಡೆಯವರ ಮಾತಿನ ತೂಕ ನಿನಗೇನು ಗೊತ್ತೋ?” ಎಂದು ಇನ್ನೊಬ್ಬ. ಇಬ್ಬರೂ ಹೊನ್ನಾವರ ತಾಲೂಕಿನ ಕಲಾವಿದರೇ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ವಾದ ಮಾತ್ರ ತೀರಿಲ್ಲ.

ಚಿಟ್ಟಾಣಿಯವರ ಭಸ್ಮಾಸುರನನ್ನು ನೋಡಿದವರು ಮರೆಯಲಾರರು. ಸಿನಿಮಾದಲ್ಲಿ ನಾಯಕನಾಯಕಿಯರು ಒಂದಾಗುವರೋ ಇಲ್ಲವೋ ಎಂಬುದೇ ಕಾತರ. ಇಲ್ಲಿಯಾದರೋ ಕೊನೆ ಮಕ್ಕಳಿಗೂ ಗೊತ್ತು. ಆದರೂ ಮೋಹಿನಿಯ ಹಿಂದೆ ಹೆಜ್ಜೆಹೆಜ್ಜೆಗೂ ಕರಗುವ ಅಸುರನನ್ನು ಕಂಡು, ‘ಇನ್ನೊಂದು ಗಳಿಗೆ ಬದುಕಲಿ’ ಎಂದು ಮನಸ್ಸು ಬೇಡುತ್ತದೆ. ಅವನ ಕೈ ತಲೆಗೇರುತ್ತದೆ. ಒಲವೂ ವರವೂ ಒಟ್ಟಿಗೆ ಬೂದಿಯಾಗುತ್ತವೆ.

ಅಭಿಮಾನವೂ ಅಂಥದೇ ವರ. ತನ್ನ ಕಲಾವಿದನನ್ನು ಮೆಚ್ಚಲು ಅದು ಬೇಕು. ಇನ್ನೊಬ್ಬನ ತಲೆಯ ಮೇಲಿಡಲು ಎತ್ತಿದ ಕೈ ಮಾತ್ರ ಕೊನೆಗೆ ಸುಡುವುದು ತನ್ನ ರಸಿಕತೆಯನ್ನೇ.